ಆರೋ ಎಂಟೋ, ಅಪ್ಪಣೆಯಾಗಲಿ

ಕಪಿಲೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಸುತ್ತಿನವರು ಅವರನ್ನು ಹೊಳೆಯ ಗುರುಗಳು ಎನ್ನುತ್ತಿದ್ದರು. ಹೆಂಚಿನ ಎರಡು ಕೋಣೆ, ಒಂದಿಷ್ಟು ತೋಟ, ನೀರಿಗಿಳಿಯುವ ಮೆಟ್ಟಿಲು. ಆಶ್ರಮವೆಂದರೆ ಅಷ್ಟೇ.

ಶಿಷ್ಯರಲ್ಲಿ ಎಲ್ಲರಿಗಿಂತ ಹಳಬ ಯಶೋಧರ. ಮೈಸೂರಿನಲ್ಲಿ ಅವನದೊಂದು ಊದುಬತ್ತಿ ಕಾರ್ಖಾನೆಯಿತ್ತು. ಚಿಕ್ಕವನಿದ್ದಾಗ ತಂದೆಯ ಜೊತೆ ಬಂದವನು, ತಲೆ ನರೆತರೂ ಬರುವುದನ್ನು ಬಿಟ್ಟಿರಲಿಲ್ಲ.

ಆ ದಿನ ಬೆಳಿಗ್ಗೆ ಬಂದು, ನಮಸ್ಕರಿಸಿ, ಮೆಟ್ಟಿಲ ಮೇಲೆ ಕೂತ. ಮಾತು ಬೇಗ ಹೊರಡಲಿಲ್ಲ. ಗುರುಗಳಿಗೆ ಅದು ಗೊತ್ತಿದ್ದದ್ದೇ. ಏನನ್ನಾದರೂ ಕೇಳಲು ಬಂದಾಗಲೆಲ್ಲ ಅವನು ಮೊದಲು ಹೀಗೆ ನೀರು ನೋಡುತ್ತ ಕೂರುತ್ತಿದ್ದ.

"ಕೇಳು," ಎಂದರು.

"ಸಣ್ಣ ವಿಷಯ ಗುರುಗಳೇ. ಕೇಳೋದಕ್ಕೆ ನಾಚಿಕೆ."

"ನಾಚಿಕೆ ಇದೆ ಅಂದರೆ ಸಣ್ಣದಿರಲಾರದು."

"ಒಂದು ಕಾರು ತಗೋಬೇಕು ಅಂತಿದ್ದೇನೆ. ಸ್ಪೋರ್ಟ್ಸ್ ಕಾರು. ಎರಡೇ ಸೀಟಿನದು."

ಗುರುಗಳು ನಕ್ಕರು. "ತಗೋ. ನಾಚಿಕೆ ಯಾಕೆ?"

"ಚಂದ್ರಮತಿ ಇದ್ದಾಗ ಹೇಳ್ತಿದ್ದಳು. ಆಸೆ ಇದ್ದರೆ ಮಂಡಿ ಗಟ್ಟಿಯಿರುವಾಗಲೇ ತಗೊಳ್ಳಿ, ಆ ಕಾರು ನೆಲಕ್ಕೆ ಅಂಟಿಕೊಂಡಿರುತ್ತೆ, ಆಮೇಲಾದರೆ ನಿಮ್ಮನ್ನ ಎತ್ತಿ ಇಳಿಸೋಕೆ ಜನ ಬೇಕಾಗುತ್ತೆ ಅಂತ."

ಚಂದ್ರಮತಿ ಯಶೋಧರನ ಹೆಂಡತಿ. ತಲೆಯೊಳಗಿನ ರಕ್ತನಾಳ ಒಡೆದು ತೀರಿಕೊಂಡು ವರ್ಷವಾಗಿತ್ತು. ಗುರುಗಳಿಗೆ ಅವಳ ನೆನಪಾಯಿತು. ಆಶ್ರಮಕ್ಕೆ ಬಂದರೆ ಅವಳು ಏನನ್ನೂ ಕೇಳುತ್ತಿರಲಿಲ್ಲ. ತೋಟದಲ್ಲೊಂದು ಸುತ್ತು ಹಾಕಿ, ಎಳೇ ಬದನೆಕಾಯಿ ಕಂಡರೆ ಕಿತ್ತು, "ಇದು ನನಗೆ" ಎಂದು ಸೆರಗಿಗೆ ಹಾಕಿಕೊಂಡು ಹೋಗುತ್ತಿದ್ದಳು.

"ಅವಳೇ ಹೇಳಿದ ಮೇಲೆ ತೊಡಕೇನು?"

"ಕಾರು ಒಂದೇ, ಎಂಜಿನ್ನು ಎರಡು ಥರ. ಒಂದಕ್ಕೆ ಆರು ಸಿಲಿಂಡರ್, ಇನ್ನೊಂದಕ್ಕೆ ಎಂಟು. ಯಾವುದು ಅಂತ ತಿಳೀತಿಲ್ಲ."

"ನಮ್ಮ ತೋಟದ ಪಂಪಿಗೆ ಎಷ್ಟು?"

"ಒಂದು."

"ಒಂದಕ್ಕೇ ಅಷ್ಟು ಬಡಕೊಳ್ಳುತ್ತಲ್ಲೋ!"

ಯಶೋಧರನೂ ನಕ್ಕ. ಅವನು ಹಾಗೆ ನಕ್ಕು ಬಹಳ ದಿನವಾಗಿತ್ತು. ಗುರುಗಳಿಗೆ ಹಿತವೆನ್ನಿಸಿತು.

"ಎರಡನ್ನೂ ಓಡಿಸಿ ನೋಡಿದೆಯಾ?"

"ನೋಡಿದೆ. ಬೆಂಗಳೂರಿನ ಶೋರೂಮಿನವರು ಎರಡನ್ನೂ ಕೊಟ್ಟರು."

"ಎಂಟರದು ಹೇಗಿತ್ತು?"

"ಜೋರು ಗುರುಗಳೇ. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಹೋಗುತ್ತೆ. ಎದೆಯೊಳಗೇ ಗುಡುಗಿದ ಹಾಗೆ ಸದ್ದು. ದಾರಿಯಲ್ಲಿ ಹೋಗೋರು ನಿಂತು ನೋಡ್ತಾರೆ. ಗೆಳೆಯರೆಲ್ಲ ಎಂಟೇ ಅಂತಾರೆ. ಅಷ್ಟು ದುಡ್ಡು ಸುರಿದು ಆರು ತಗೊಳ್ಳೋನು ಹುಚ್ಚ ಅಂತಾರೆ."

"ಆರರದು?"

ಯಶೋಧರನ ಎರಡೂ ಕೈ ತಾವಾಗಿ ಮೇಲೆದ್ದವು.

"ಅದು ಬೇರೆಯೇ. ಮುಂದಿನ ಭಾರ ಕಡಿಮೆ, ಮೂಗು ಹಗುರ. ತಿರುಗಬೇಕು ಅಂತ ಅಂದುಕೊಳ್ಳೋ ಹೊತ್ತಿಗೆ ತಿರುಗಿಯೇ ಇರುತ್ತೆ. ನಾನು ತಿರುಗಿಸಿದೆನೋ, ಅದೇ ತಿರುಗಿತೋ. ಮೊದಲು ಸದ್ದೇ ಇಲ್ಲ ಅನ್ನಿಸುತ್ತೆ. ವೇಗ ಏರಿಸ್ತಾ ಹೋದರೆ ಮೇಲೆಲ್ಲೋ ಒಂದು ಕಡೆ ಹಾಡೋಕೆ ಶುರು ಮಾಡುತ್ತೆ. ನಂದಿಬೆಟ್ಟದ ತಿರುವಿನಲ್ಲಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ ಗುರುಗಳೇ. ಪಕ್ಕ ಕೂತಿದ್ದ ಶೋರೂಮಿನವನು ಹೆದರಿಕೊಂಡ."

ಹೇಳುತ್ತ ಹೇಳುತ್ತ ಅವನ ಕೈಗಳು ಕಾಣದ ಚಕ್ರವೊಂದನ್ನು ಹಿಡಿದು ಎಡಕ್ಕೆ, ಬಲಕ್ಕೆ ಹೊರಳುತ್ತಿದ್ದವು.

ಗುರುಗಳು ಕೈಗಳನ್ನೇ ನೋಡಿದರು. ಕಾಲೇಜಿನ ದಿನಗಳಲ್ಲಿ ಇವನು ಇದೇ ತೋಟದಲ್ಲಿ ಪಂಪನ್ನು ಬಿಚ್ಚಿ, ತುಂಡು ತುಂಡು ಒರೆಸಿ, ಮತ್ತೆ ಕೂರಿಸಿದ್ದ. ಪಂಪು ಹೊಗೆಯುಗುಳಿ ಎದ್ದಾಗ ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಕಂಡಿತ್ತು. ಆ ಮುಖವೇ ಈಗ ಎದುರಿಗೆ ಕೂತಿತ್ತು.

ಇವನಿಗೆ ಬೇಕಾದ್ದು ಆರು. ಅದು ಹೊಳೆಯ ಮೀನಿಗೂ ತಿಳಿದೀತು. ಅದನ್ನು ಅವನ ಬಾಯಿಂದಲೇ ಹೊರಡಿಸಬೇಕು ಎಂದುಕೊಂಡರು ಗುರುಗಳು. ಅದಕ್ಕೊಂದು ಉಪಾಯ ಅವರಿಗೆ ಗೊತ್ತಿತ್ತು. ಬೇಡದ್ದನ್ನು ಕೈಗಿಟ್ಟರೆ ಬೇಕಾದ್ದು ತಾನಾಗಿ ಕೂಗುತ್ತದೆ.

"ಹಾಗಾದರೆ ಎಂಟನ್ನೇ ತಗೋ," ಎಂದರು.

ಕೈಗಳು ನಿಂತವು. ಮೆಲ್ಲಗೆ ಇಳಿದು ತೊಡೆಯ ಮೇಲೆ ಬಂದು ಬಿದ್ದವು. ಗುರುಗಳು ಕಾದರು. ಕೂಗು ಬರಲಿಲ್ಲ.

"ಅಪ್ಪಣೆ," ಎಂದ ಯಶೋಧರ. ಜೇಬಿನಿಂದ ಫೋನ್ ತೆಗೆದ. "ಹಲೋ, ಯಶೋಧರ ಮಾತಾಡ್ತಿರೋದು. ಹೌದು, ಮೈಸೂರಿನಿಂದ. ಎಂಟೇ ಇರಲಿ. ಬುಕ್ ಮಾಡಿಬಿಡಿ."

"ಇಡು ಅದನ್ನು!" ಎಂದರು ಗುರುಗಳು.

ಯಶೋಧರ ಇಟ್ಟ.

"ನಿನಗೆ ಬೇಕಾದ್ದು ಆರಲ್ಲವೇನೋ?"

"ಹೌದು ಗುರುಗಳೇ."

"ಮತ್ತೆ ಎಂಟು ಅಂದಾಗ ಯಾಕೆ ಸುಮ್ಮನಾದೆ?"

"ತಮ್ಮ ಬಾಯಿಂದ ಬಂತಲ್ಲ."

"ನಾನು ಯಾವತ್ತಾದರೂ ಕಾರು ಓಡಿಸಿದ್ದೇನಾ?"

"ಇಲ್ಲ."

"ಎಂಜಿನ್ನು ಅಂದರೆ ಏನು ಅಂತ ಗೊತ್ತಾ ನನಗೆ?"

"ಪಂಪಿನದು ನೋಡಿದ್ದೀರಿ."

ತಮಾಷೆಗೆ ಅಂದದ್ದಲ್ಲ. ಗುರುಗಳಿಗೂ ಈ ಸಲ ನಗು ಬರಲಿಲ್ಲ.

"ಎಲ್ಲವನ್ನೂ ಹೀಗೇ ಮಾಡಿದೆಯಾ ಯಶೋಧರ?"

"ಎಲ್ಲವನ್ನೂ," ಎಂದ ಅವನು. ದನಿಯಲ್ಲಿ ಹೆಮ್ಮೆಯಿತ್ತು. "ಪುಣೆಯ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ತಮ್ಮನ್ನು ಕೇಳಿದೆ. ತಂದೆಗೆ ವಯಸ್ಸಾಯಿತು, ಯೋಚಿಸು ಅಂದಿರಿ. ಕೆಲಸದ ಕಾಗದವನ್ನು ಅಲ್ಲೇ ಹರಿದು ಹಾಕಿದೆ."

"ಯೋಚಿಸು ಅಂದಿದ್ದೆ."

"ತಮ್ಮ ಮನಸ್ಸು ತಿಳೀತಲ್ಲ, ಸಾಕಾಯಿತು."

ಯಶೋಧರ ಮುಂದುವರಿಸಿದ.

"ಸುಪ್ರಭೆ ತಾನು ಒಪ್ಪಿದ ಹುಡುಗನನ್ನು ಇಲ್ಲಿಗೆ ಕರೆತಂದಳು, ನೆನಪಿದೆಯಾ? ಹೇಗಿದ್ದಾನೆ ಅಂತ ನಾನು ಕೇಳಿದೆ. ತಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಮನೆಗೆ ಹೋಗಿ, ಬೇಡಮ್ಮ ಅಂದುಬಿಟ್ಟೆ."

ಸುಪ್ರಭೆ ಯಶೋಧರನ ಒಬ್ಬಳೇ ಮಗಳು. ಕೊನೆಗೆ ಆ ಹುಡುಗನನ್ನೇ ಮದುವೆಯಾಗಿ ದೂರ ಹೋದವಳು, ತಾಯಿ ಸತ್ತಾಗ ಬಂದಿದ್ದಳು. ಆಗಲೂ ತಂದೆಯ ಜೊತೆ ಮಾತಾಡಿರಲಿಲ್ಲ.

"ಆ ಹುಡುಗ ನನಗೆ ಹಿಡಿಸಿದ್ದ," ಎಂದರು ಗುರುಗಳು.

ಯಶೋಧರ ತಲೆಯೆತ್ತಿದ. "ಹೌದಾ?"

"ತುಂಬ ಹಿಡಿಸಿದ್ದ."

ಅವನು ನೀರಿನ ಕಡೆ ತಿರುಗಿದ. "ಇರಲಿ ಬಿಡಿ," ಎಂದ. "ನಾನೇ ತಪ್ಪು ತಿಳಿದೆ. ತಮ್ಮ ಮಾತು ಮೀರಲಿಲ್ಲವಲ್ಲ, ಅಷ್ಟು ಸಾಕು."

ಆಮೇಲೆ ತಾನಾಗಿಯೇ ಅಂದ: "ಒಂದೇ ಒಂದು ಸಲ ತಮ್ಮನ್ನು ಕೇಳೋದಕ್ಕೆ ಆಗಲಿಲ್ಲ."

"ಯಾವಾಗ?"

"ತಾವು ಮೌನದಲ್ಲಿದ್ದಿರಿ. ಹೋದ ವರ್ಷ, ಬೇಸಿಗೆಯಲ್ಲಿ."

"ಏನು ಕೇಳಬೇಕಿತ್ತು?"

"ಚಂದ್ರಮತಿಯದು."

ಗುರುಗಳ ಬೆನ್ನು ನೆಟ್ಟಗಾಯಿತು. "ಅವಳದು ಹಠಾತ್ತಾಗಿ ಆದದ್ದಲ್ಲವೇ?"

"ಒಡೆದದ್ದು ಹಠಾತ್ತಾಗಿ. ರಕ್ತನಾಳ ಉಬ್ಬಿದೆ ಅನ್ನೋದು ಮೊದಲೇ ಗೊತ್ತಿತ್ತು ಗುರುಗಳೇ. ತಲೆನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಕಂಡಿತ್ತು. ಡಾಕ್ಟರು ಎರಡು ದಾರಿ ಹೇಳಿದರು. ಈಗಲೇ ಆಪರೇಷನ್ ಮಾಡಿಸೋದು, ಅದರಲ್ಲೂ ಅಪಾಯ ಇದೆ. ಇಲ್ಲ, ಮಾತ್ರೆ ಕೊಟ್ಟು ಕಾಯೋದು. ಯೋಚನೆ ಮಾಡಿ ಬೇಗ ಹೇಳಿ ಅಂದರು."

"ಅವಳೇನು ಅಂದಳು?"

"ಮಾಡಿಸೋಣ ಅಂದಳು. ನನಗೇನೂ ಹೆದರಿಕೆಯಿಲ್ಲ, ನಾಳೆಯೇ ಸೇರಿಸಿ ಅಂದಳು. ಗುರುಗಳನ್ನು ಒಂದು ಮಾತು ಕೇಳಿ ಬರ್ತೀನಿ ಅಂತ ನಾನು ಇಲ್ಲಿಗೆ ಬಂದೆ."

ಹೊಳೆಯಲ್ಲಿ ಹರಿಗೋಲೊಂದು ಹೋಯಿತು. ಅದರಲ್ಲಿದ್ದವರು ಗುರುಗಳನ್ನು ಕಂಡು ಕೈಮುಗಿದರು. ಗುರುಗಳ ಕೈ ಏಳಲಿಲ್ಲ.

"ತಮ್ಮ ಕೋಣೆಯ ಬಾಗಿಲು ಹಾಕಿತ್ತು. ಹುಣ್ಣಿಮೆಗೆ ತೆಗೀತಾರೆ ಅಂದರು ಆಶ್ರಮದವರು. ನಾನು ನೇರಳೆ ಮರದ ಕೆಳಗೆ ಕೂತೆ. ಅವಳು ಫೋನ್ ಮಾಡ್ತಿದ್ದಳು. ಗುರುಗಳು ಬಾಗಿಲು ತೆಗೆದರಾ ಅಂತ ಕೇಳೋಳು. ಇನ್ನೂ ಇಲ್ಲ ಅಂತಿದ್ದೆ. ಕೊನೆಕೊನೆಗೆ ಅವಳೂ ಕೇಳೋದು ಬಿಟ್ಟಳು. ಊಟ ಆಯ್ತಾ, ಅಲ್ಲಿ ಸೊಳ್ಳೆ ಇದೆಯಾ ಅಂತ ಮಾತ್ರ ಕೇಳೋಳು."

ಗುರುಗಳು ಕಣ್ಣು ಮುಚ್ಚಿದರು.

ಅವರು ಅವನನ್ನು ನೋಡಿದ್ದರು. ಮೌನದ ಕೋಣೆಗೊಂದು ಸಣ್ಣ ಕಿಟಕಿಯಿತ್ತು, ಅದರಿಂದ ನೇರಳೆ ಮರ ಕಾಣುತ್ತಿತ್ತು. ಬೆಳಿಗ್ಗೆ ನೋಡಿದರೂ ಯಶೋಧರ, ಸಂಜೆ ನೋಡಿದರೂ ಯಶೋಧರ. ಬಿಸಿಲು ಸರಿದ ಕಡೆ ಸರಿದು, ಕೈಮುಗಿದು, ಬಾಗಿಲನ್ನೇ ನೋಡುತ್ತ ಕೂತಿದ್ದ. ಎಂಥ ಶಿಷ್ಯ ಸಿಕ್ಕಿದ ಎಂದು ಆಗ ಅವರ ಮನಸ್ಸು ತುಂಬಿ ಬಂದಿತ್ತು. ಆ ಸಂಜೆಗಳ ಧ್ಯಾನ ಬಹಳ ಚೆನ್ನಾಗಿ ಕೂಡಿತ್ತು.

"ಹುಣ್ಣಿಮೆಯ ದಿನ ನಾನು ಬಾಗಿಲು ತೆಗೆದೆ," ಎಂದರು, ಕಣ್ಣು ತೆರೆಯದೆ. "ಮೊದಲು ನೀನೇ ಬಂದು ಕಾಲಿಗೆ ಬಿದ್ದೆ. ನಾನು ಹೂ ಕೊಟ್ಟೆ. ನೀನು ಏನೂ ಕೇಳಲಿಲ್ಲ."

"ಆಗ ತಾನೇ ಫೋನ್ ಬಂದಿತ್ತು ಗುರುಗಳೇ. ಅಡಿಗೆಮನೆಯಲ್ಲಿ ಬಿದ್ದಳಂತೆ. ಪಕ್ಕದ ಮನೆಯವರು ಎತ್ತಿಕೊಂಡು ಹೋಗೋ ಹೊತ್ತಿಗೆ ಮುಗಿದಿತ್ತಂತೆ. ಕೇಳೋದಕ್ಕೇನೂ ಉಳಿದಿರಲಿಲ್ಲ."

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ತಮ್ಮ ಮೌನಕ್ಕೊಂದು ಮಾತು ಬರಬಾರದು ಅಂತ."

ಅದನ್ನು ಅವನು ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಅಂದನೆಂದರೆ, ಗುರುಗಳಿಗೆ ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ನಾನೇನೂ ಕೊರಗ್ತಾ ಇಲ್ಲ ಗುರುಗಳೇ," ಎಂದ ಯಶೋಧರ, ಅವರ ಮುಖ ನೋಡಿ ಗಾಬರಿಯಾಗಿ. "ಹನ್ನೊಂದನೇ ದಿನ ತಾವೇ ಮನೆಗೆ ಬಂದು ಹೇಳಿದಿರಲ್ಲ, ಅದು ಯಾರ ಕೈಯಲ್ಲೂ ಇರಲಿಲ್ಲಪ್ಪಾ ಅಂತ. ಅವತ್ತಿನಿಂದ ನೆಮ್ಮದಿಯಾಗಿದ್ದೇನೆ. ನಿದ್ದೆಯೂ ಬರುತ್ತೆ."

ಗುರುಗಳು ಬಾಯಿ ತೆರೆದರು. ಅವಳ ಕೈಯಲ್ಲಿತ್ತು ಎನ್ನಬೇಕೆಂದಿದ್ದರು. ನಿನ್ನ ಕೈಯಲ್ಲೂ ಇತ್ತು. ಬಾಗಿಲಿನ ಚಿಲಕ ಒಳಗಡೆ ಇತ್ತು, ಆದ್ದರಿಂದ ನನ್ನ ಕೈಯಲ್ಲೂ ಇತ್ತು.

ಎದುರಿಗೆ ನೆಮ್ಮದಿಯ ಮುಖವೊಂದು ಅವರ ಮಾತಿಗಾಗಿ ಕಾಯುತ್ತಿತ್ತು. ಅವರು ಏನು ಅಂದರೂ ಅದನ್ನು ಒಪ್ಪಿಕೊಂಡು, ಮನೆಗೆ ಒಯ್ದು, ಉಳಿದ ಆಯುಷ್ಯವೆಲ್ಲ ಹಾಗೆಯೇ ಇಟ್ಟುಕೊಳ್ಳುವ ಮುಖ.

ಬಾಯಿ ಮುಚ್ಚಿದರು.

ಬಹಳ ಹೊತ್ತಾಯಿತು. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು.

"ತಾವು ಮೌನ ಹಿಡಿದಿರೇನು?" ಎಂದ ಯಶೋಧರ. "ಪರವಾಗಿಲ್ಲ. ಕಾಯ್ತೇನೆ."

ಚಪ್ಪಲಿ ಪಕ್ಕಕ್ಕಿಟ್ಟು, ಕಾಲು ಮಡಿಚಿ, ಸರಿಯಾಗಿ ಕೂತುಕೊಂಡ.

ಗುರುಗಳು ದಡಕ್ಕನೆ ಎದ್ದರು. ವಯಸ್ಸಾದ ಮೈ, ಒಮ್ಮೆ ತೂಗಿತು. ಯಶೋಧರ ಹಿಡಿಯಲು ಬಂದ. ಅವನ ಕೈಯನ್ನು ತಳ್ಳಿದರು.

"ಏಳು. ಮನೆಗೆ ಹೋಗು."

"ಅಪ್ಪಣೆ."

"ಮಗಳ ಮನೆ ಎಲ್ಲಿದೆ ಗೊತ್ತಾ?"

"ಗೊತ್ತು."

"ಅಲ್ಲಿಗೆ ಹೋಗಬೇಕು ಅಂತ ಯಾವತ್ತೂ ಅನ್ನಿಸಲಿಲ್ಲವಾ?"

"ತಾವು ಹೇಳಲಿಲ್ಲವಲ್ಲ," ಎಂದ ಯಶೋಧರ. "ಹೋಗಲೇ?"

ಗುರುಗಳ ತುಟಿಯವರೆಗೆ 'ಹೋಗು' ಎಂಬ ಮಾತು ಬಂತು. ಅದನ್ನು ಅಂದರೆ ಅವನು ಹೋಗುತ್ತಾನೆ. ಮಗಳ ಬಾಗಿಲಲ್ಲಿ ನಿಂತು, ಗುರುಗಳು ಹೇಳಿದರು, ಬಂದೆ ಎನ್ನುತ್ತಾನೆ. ಅವಳು ಬಾಗಿಲು ಹಾಕುತ್ತಾಳೆ. ಅಷ್ಟನ್ನೂ ಅವರು ಅಲ್ಲಿಂದಲೇ ಕಂಡರು.

"ನನಗೆ ಗೊತ್ತಿಲ್ಲ," ಎಂದರು. "ಇನ್ನು ಮೇಲೆ ನೀನು ಇಲ್ಲಿಗೆ ಬರಬೇಡ."

ಯಶೋಧರ ಹಾಗೇ ನಿಂತ. ಹುಡುಗನಾಗಿದ್ದಾಗಿನಿಂದ ಬಂದ ಜಾಗ. ಮರ, ಮೆಟ್ಟಿಲು, ತೋಟ, ಒಂದೊಂದನ್ನೂ ನೋಡಿದ. ಏನೋ ಹೇಳುತ್ತಾನೆ ಎಂದು ಗುರುಗಳಿಗೆ ಅನ್ನಿಸಿತು. ಹೇಳು, ಎಂದರು ಒಳಗೇ. ಹೇಳೋ.

ಯಶೋಧರ ಬಾಗಿ, ಅವರ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ. ಬೆರಳು ಒದ್ದೆಯಾಗಿತ್ತು.

"ಅಪ್ಪಣೆ ಗುರುಗಳೇ," ಎಂದ.

ತೋಟದ ದಾರಿ ಹಿಡಿದು ನಡೆದ. ಅರ್ಧ ದಾರಿಯಲ್ಲಿ ನಿಂತು, ತಿರುಗಿ, ಕೈಮುಗಿದು ಕೇಳಿದ:

"ಕಾರಿನದು ಎಂಟೇ ಇರಲೇ, ಗುರುಗಳೇ?"

ಗುರುಗಳು ಬರಿಗಾಲಲ್ಲಿ ಅವನ ಹಿಂದೆ ಓಡಿದರು. ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಯಾವ ಶಿಷ್ಯನ ಮುಂದೆಯೂ ಅಳದ ಕಣ್ಣಲ್ಲಿ ನೀರಿತ್ತು.

"ಆಗೋದಿಲ್ಲ ಅನ್ನೋ," ಎಂದರು. "ನನ್ನ ಮುಖ ನೋಡಿಕೊಂಡು, ಒಂದೇ ಒಂದು ಸಲ ಆಗೋದಿಲ್ಲ ಅನ್ನೋ, ನನ್ನಪ್ಪಾ."