ಹೀಚಿಗೆ ಹೊದಿಸಿದ ಸೀರೆ

"ಗುರುಗಳೇ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಒಂದು ಜೀವ ಯಾಕೆ ಏಳಿಗೆಯಾಗುವುದಿಲ್ಲ?"

ಕೇಳಿದವನು ಮರುಳಯ್ಯನೆಂಬ ಶಿಷ್ಯ. ಮಠಕ್ಕೆ ಹತ್ತಿರದ ಊರಿನಲ್ಲಿ ಮಗ್ಗ ಇಟ್ಟುಕೊಂಡಿದ್ದ ಗೃಹಸ್ಥ. ಹಿಂದಿನ ವರ್ಷದ ಜ್ವರದಲ್ಲಿ ಹೆಂಡತಿ ತೀರಿಕೊಂಡಿದ್ದಳು. ಉಳಿದವಳು ಪುಟ್ಟ ಮಗಳೊಬ್ಬಳೇ. ಅವಳಿಗೆ ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತೇನೆ, ಬಿಸಿ ಅನ್ನ ಉಣಿಸುತ್ತೇನೆ, ತಂಡಿ ಗಾಳಿ ತಾಗಗೊಡುವುದಿಲ್ಲ, ಕೆಟ್ಟ ಮಾತು ಕಿವಿಗೆ ಬೀಳಗೊಡುವುದಿಲ್ಲ, ಆದರೂ ಮಗು ದಿನದಿನಕ್ಕೆ ಸೊರಗುತ್ತಿದೆ, ಈಚೆಗೆ ಮಾತನ್ನೂ ಬಿಟ್ಟಿದೆ ಎಂದು ಹೇಳಿಕೊಂಡ. ಕೂತ ಕಡೆ ನೆಮ್ಮದಿಯಾಗಿ ಕೂರಲಾರದೆ, ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇನ್ನೂ ಎಂಥ ಕಾವಲು ಹಾಕಲಿ, ಅದನ್ನಾದರೂ ಹೇಳಿ ಎಂದ.

ಗುರುಗಳು ಕಾವಲಿನ ಮಾತನ್ನೇ ಎತ್ತಲಿಲ್ಲ. ಕುಂಬಳದ ಬಳ್ಳಿ ಬೆಳೆಸಿದ್ದೀಯಾ ಎಂದು ಕೇಳಿದರು. ಅವನು ಇಲ್ಲವೆಂದ. ಹಾಗಾದರೆ ಬೆಳೆಸಿದವಳೊಬ್ಬಳ ಸಂಗತಿ ಕೇಳು ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಅವಳ ತಾಯಿ ಸಿಹಿಗುಂಬಳ ಬೆಳೆಸುವುದರಲ್ಲಿ ಹೆಸರಾದವಳು. ಅಂಥ ಕಾಯಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅದರ ಹುಳಿಗೆ ಬೆಲ್ಲ ಹಾಕುವ ಕೆಲಸವೇ ಇರಲಿಲ್ಲ. ತಾಯಿ ಸತ್ತ ಮೇಲೆ ತವರಿನ ಅಟ್ಟ ಗುಡಿಸುವಾಗ, ಒಂದು ಕುಡಿಕೆಯಲ್ಲಿ ಬೂದಿಯ ನಡುವೆ ಹುದುಗಿಸಿಟ್ಟ ಒಂದಿಷ್ಟು ಬೀಜ ಸಿಕ್ಕವು. ಬೀಜ ಹಳೆಯವಾಗಿದ್ದವು. ಹೆಂಗಸು ಅಷ್ಟನ್ನೂ ತಂದು ತನ್ನ ಹಿತ್ತಲಲ್ಲಿ ಊರಿದಳು. ಮೊಳೆತದ್ದು ಒಂದೇ ಒಂದು. ಮಿಕ್ಕವೆಲ್ಲ ಮಣ್ಣಲ್ಲಿ ಮಣ್ಣಾದವು.

ಆ ಒಂದು ಬಳ್ಳಿಯಲ್ಲಿ ಒಂದು ಕಾಯಿಯಾದರೂ ಬಲಿತು ಹಣ್ಣಾದರೆ ಬೀಜ ಉಳಿಯುತ್ತದೆ. ಇಲ್ಲವಾದರೆ ತಾಯಿಯ ಕುಂಬಳ ಅಲ್ಲಿಗೆ ಮುಗಿಯಿತು. ಇದು ಮನಸ್ಸಿಗೆ ಬಂದ ದಿನದಿಂದ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಬೆಳಿಗ್ಗೆ ಎದ್ದವಳು ದೇವರಿಗೆ ಕೈ ಮುಗಿಯುವ ಮೊದಲು ಹಿತ್ತಲಿಗೆ ಹೋಗುತ್ತಿದ್ದಳು. ಒಲೆಯ ಮೇಲೆ ಅನ್ನ ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗಂಡ ಚಪ್ಪರ ಹಾಕಿಕೊಟ್ಟ. ಸೀದ ಅನ್ನವನ್ನೂ ಉಂಡ. ಒಳ್ಳೆಯ ಮನುಷ್ಯ.

ಬಳ್ಳಿ ಚಪ್ಪರ ಹತ್ತಿತು, ಹಳದಿ ಹೂ ಬಿಟ್ಟಿತು. ಕಡೆಗೆ ಒಂದು ಹೂವಿನ ಬುಡದಲ್ಲಿ ಗೋಲಿಯಷ್ಟು ದಪ್ಪದ ಹೀಚು ಕಂಡಿತು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಹಾಕಲು ಒಂದು ಚೂರು ಮಜ್ಜಿಗೆ ಕೇಳಿಕೊಂಡು ಬಂದಳು. ಚಪ್ಪರ ನೋಡಿದಳು, ಹೀಚು ನೋಡಿದಳು, ಸಂತೋಷದಲ್ಲಿ ಮೈಮರೆತು ಬೆರಳು ಚಾಚಿ ತೋರಿಸಿಯೇಬಿಟ್ಟಳು.

ಹೀಚಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ ಎಂಬುದು ಆ ಊರಿನವರ ನಂಬಿಕೆ. ತೋರಿಸಲೇಬೇಕಾದರೆ ಬೆರಳು ಮಡಚಿ ಮುಷ್ಟಿಯಲ್ಲಿ ತೋರಿಸಬೇಕು. ಪಕ್ಕದ ಮನೆಯಾಕೆ ನಾಲಿಗೆ ಕಚ್ಚಿಕೊಂಡು ಕೈ ಹಿಂದಕ್ಕೆ ಎಳೆದುಕೊಂಡಳು. ಆದರೆ ಹೀಚು ಮಾರನೆಯ ದಿನ ಹಳದಿಗೆ ತಿರುಗಿತು. ಆಮೇಲೆ ಮೆತ್ತಗಾಗಿ ಉದುರಿಬಿತ್ತು. ಹೆಂಗಸು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅತ್ತಳು. ಅಂದಿನಿಂದ ಪಕ್ಕದ ಮನೆಗೆ ಮಜ್ಜಿಗೆ ನಿಂತಿತು, ಮಾತೂ ನಿಂತಿತು.

ಬೆರಳು ಇರುವುದು ಪಕ್ಕದ ಮನೆಯಾಕೆಗೆ ಮಾತ್ರವೇ? ಊರು ತುಂಬ ಬೆರಳು, ಊರು ತುಂಬ ಕಣ್ಣು. ಹೆಂಗಸು ಪೆಟ್ಟಿಗೆಯಿಂದ ಹಳೆಯ ಸೀರೆ ತೆಗೆದಳು. ಚಪ್ಪರದ ಸುತ್ತ ಕಟ್ಟಿದಳು, ಮೇಲೂ ಹೊದಿಸಿದಳು, ಸಂದು ಕಂಡಲ್ಲೆಲ್ಲ ಸೂಜಿ ದಾರ ಹಿಡಿದು ಹೊಲಿದಳು. ಹೊಸ ಮದುವಣಗಿತ್ತಿಗೂ ಇಷ್ಟು ಮುಸುಕು ಹಾಕುವುದಿಲ್ಲವಲ್ಲ ಎಂದು ಗಂಡ ನಕ್ಕ. ಅವಳು ನಗಲಿಲ್ಲ. ದಿನವೂ ಸೀರೆಯ ಒಂದು ಮೂಲೆ ಎತ್ತಿಕೊಂಡು ಒಳಗೆ ನುಸುಳುತ್ತಿದ್ದಳು. ನೀರು ಹಾಕಿ, ಒಳಗೆ ಸೇರಿಕೊಂಡ ಹುಳಹುಪ್ಪಟೆಯನ್ನು ಸೆರಗಿನಿಂದ ಬೀಸಿ ಅಟ್ಟಿ, ಮತ್ತೆ ಮೂಲೆ ಕಟ್ಟಿ ಬರುತ್ತಿದ್ದಳು.

ಎರಡನೆಯ ಹೀಚೂ ಉದುರಿತು.

ಬಳ್ಳಿಗೆ ಕಸುವು ಸಾಲದೇನೋ ಎಂದು ಅವಳು ಬುಡಕ್ಕೆ ಸಗಣಿ ಗೊಬ್ಬರ ಸುರಿದಳು. ಎಲೆಗಳು ಊಟಕ್ಕೆ ಹಾಸುವಷ್ಟು ಅಗಲವಾದವು, ಹೀಚು ಮಾತ್ರ ಉದುರಿತು. ನೀರು ಸಾಲದೇನೋ ಎಂದು ಎರಡು ಹೊತ್ತೂ ಕೊಡ ಹೊತ್ತಳು. ಸೀರೆಯೊಳಗೆ ಗಾಳಿಯಾಡದೆ ತೇವ ನಿಂತು ಎಲೆಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬೂಷ್ಟು ಕೂತಿತು. ಅದಕ್ಕೆ ಒಲೆಯ ಬೂದಿ ಎರಚಿದಳು. ಆಗಲೂ ಹೀಚು ನಿಲ್ಲಲಿಲ್ಲ. ಇನ್ನು ಉಳಿದದ್ದು ಒಂದೇ, ಸೀರೆ ತೆಳ್ಳಗಾಗಿ ಯಾರದೋ ಕಣ್ಣು ಒಳಗೆ ತೂರುತ್ತಿರಬೇಕು. ಅದರ ಮೇಲೆ ಇನ್ನೊಂದು ಸೀರೆ ಹೊದಿಸಿದಳು.

ಅವಳಿಗೆ ನಿದ್ದೆ ಹತ್ತದಾಯಿತು. ಉಣ್ಣಲು ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಸಣ್ಣವಳಾಗಿದ್ದಾಗ ತಾಯಿ ಕುಂಬಳ ಹೆಚ್ಚುತ್ತಾ ಬೀಜಗಳನ್ನು ಬೇರೆ ತೆಗೆದು ಒಣಗಲು ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತಿತ್ತು. ಅಷ್ಟು ವರ್ಷ ತಾಯಿ ಉಳಿಸಿಕೊಂಡು ಬಂದದ್ದನ್ನು ನಾನು ಕಳೆದೆ ಎಂಬ ಮಾತು ಕೆಲಸದ ನಡುವೆ, ಸ್ನಾನದ ನಡುವೆ, ಎಲ್ಲೆಂದರಲ್ಲಿ ಬಂದು ಅವಳನ್ನು ಹಿಡಿಯುತ್ತಿತ್ತು. ಬಳ್ಳಿ ಬುಡದ ಕಡೆಯಿಂದ ಒಣಗುತ್ತಾ ಬಂತು. ಕಾಲ ಮುಗಿಯುತ್ತಿರುವುದು ಅವಳಿಗೂ ಕಾಣುತ್ತಿತ್ತು.

ಹೀಗಿರುವಾಗ ಅವಳ ಚಿಕ್ಕಮ್ಮ, ತಾಯಿಯ ತಂಗಿ, ಯಾರದೋ ಮದುವೆಗೆ ಹೊರಟವಳು ದಾರಿಯಲ್ಲಿ ಅಕ್ಕನ ಮಗಳ ಮನೆ ಎಂದು ಇಳಿದಳು. ಹೆಂಗಸು ಅವಳಿಗೆ ಕೈಕಾಲು ತೊಳೆಯಲೂ ಪುರುಸೊತ್ತು ಕೊಡದೆ ಹಿತ್ತಲಿಗೆ ಕರೆದುಕೊಂಡು ಹೋದಳು. ಬೆರಳಿನ ಸಂಗತಿ ಹೇಳಿದಳು, ಗೊಬ್ಬರ, ನೀರು, ಬೂದಿ ಎಲ್ಲ ಹೇಳಿದಳು. ಚಿಕ್ಕಮ್ಮ ಸೀರೆಯ ಕೋಟೆಯನ್ನು ಸುತ್ತಿ ಬಂದು ಒಂದೇ ಮಾತು ಕೇಳಿದಳು.

"ಹೂವಿಗೆ ಜೇನು ಬರ್ತದೇನಮ್ಮಾ?"

"ಒಂದು ನೊಣಾನೂ ಒಳಗೆ ಬಿಟ್ಟಿಲ್ಲ ಚಿಕ್ಕಮ್ಮ," ಎಂದಳು ಹೆಂಗಸು. ಅಷ್ಟು ದಿನಗಳಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಂಡ ಮಾತು ಅದೊಂದೇ.

ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಸೀರೆಯ ಮೂಲೆ ಎತ್ತಿಸಿ ಒಳಗಿನ ಹೂಗಳನ್ನು ತೋರಿಸಿದಳು. ಉದ್ದ ತೊಟ್ಟಿನ ಹೂವಿನಲ್ಲಿ ಬರಿಯ ಪುಡಿ ಇರುತ್ತದೆ, ಕಾಯಿಯಾಗುವುದು ಬುಡದಲ್ಲಿ ಹೀಚು ಹೊತ್ತ ಹೂವು. ಆ ಪುಡಿ ಈ ಹೂವಿಗೆ ಸೇರಿದರೆ ಹೀಚು ನಿಲ್ಲುತ್ತದೆ, ಸೇರದಿದ್ದರೆ ಉದುರುತ್ತದೆ. ಬಳ್ಳಿಗೆ ಕೈಯಿಲ್ಲ, ಒಯ್ದು ಕೊಡುವುದಕ್ಕೆ ಜೇನೇ ಬರಬೇಕು. ಮೊದಲ ಹೀಚು ಎಷ್ಟೋ ಸಲ ತಾನಾಗಿಯೇ ಬೀಳುತ್ತದೆ, ಅದಕ್ಕೆ ಯಾರ ಬೆರಳೂ ಬೇಕಿಲ್ಲ. ಇಷ್ಟನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಹೆಂಗಸಿನ ಮನಸ್ಸು ಆದರೂ ಒಪ್ಪಲಿಲ್ಲ. ಸೀರೆ ತೆಗೆದರೆ ಎಲ್ಲರೂ ನೋಡುತ್ತಾರಲ್ಲ, ಉಳಿದ ಒಂದೂ ಹೋದರೆ ಗತಿಯೇನು ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

"ನಿಮ್ಮಮ್ಮ ಇದನ್ನ ಬೀದಿ ಗೋಡೆ ಮೇಲೆ ಹಬ್ಬಿಸಿದ್ಲು," ಎಂದಳು ಚಿಕ್ಕಮ್ಮ. "ಹೋಗೋರು ಬರೋರು ಎಲ್ಲಾ ಬೆರಳು ತೋರಿಸೋರು. ಕೆಲವು ಕೊಳೀತು. ಮಿಕ್ಕಿದ್ದನ್ನ ತಿಂದು ನೀನು ಬೆಳೆದೆ."

ಚಿಕ್ಕಮ್ಮ ಮದುವೆಗೆ ಹೊರಟುಹೋದಳು. ಹೆಂಗಸು ಸೀರೆಯ ಮುಂದೆ ನಿಂತಳು. ಹೊಲಿದದ್ದು ಅವಳೇ, ಬಿಚ್ಚಬೇಕಾದವಳೂ ಅವಳೇ. ಗಂಟು ಬಿಗಿದುಹೋಗಿತ್ತು. ಗಂಡ ಬಿಚ್ಚಿಕೊಡಲು ಬಂದರೆ ಬೇಡವೆಂದಳು. ಕಡೆಗೆ ಹಲ್ಲಿನಲ್ಲಿ ದಾರ ಕಡಿದು ಎರಡೂ ಸೀರೆ ಎಳೆದು ತೆಗೆದಳು. ಬಳ್ಳಿಯ ತುದಿಯಲ್ಲಿ ಹಸಿರು ಒಂದು ಗೇಣು ಉಳಿದಿತ್ತು. ಅದರಲ್ಲಿ ಒಂದು ಹೀಚು, ಅದರ ತುದಿಯಲ್ಲಿ ನಾಳೆ ಅರಳುವ ಮೊಗ್ಗು, ಪಕ್ಕದಲ್ಲಿ ಉದ್ದ ತೊಟ್ಟಿನ ಮೊಗ್ಗೊಂದು. ಅಷ್ಟೇ.

ಬೆಳಗಾಗುತ್ತಲೇ ಹೂವು ಅರಳಿತು. ಪಕ್ಕದ ಉದ್ದ ತೊಟ್ಟಿನದೂ ಅರಳಿತ್ತು. ಹೆಂಗಸು ದೂರದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಳು. ಒಂದು ಜೇನುನೊಣ ಬಂತು. ಅದು ಬಂದದ್ದೇ ತಡ, ಬೀಸಿ ಅಟ್ಟುವುದಕ್ಕೆ ಅವಳ ಕೈ ತಾನಾಗಿಯೇ ಸೆರಗು ಹಿಡಿದು ಮೇಲೆದ್ದಿತು. ಆ ಕೈಯನ್ನು ಅವಳು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಗೊಬ್ಬರ ಹೊತ್ತದ್ದಾಗಲಿ ನೀರು ಹೊತ್ತದ್ದಾಗಲಿ ಅವಳಿಗೆ ಇಷ್ಟು ಕಷ್ಟವಾಗಿರಲಿಲ್ಲ. ಜೇನು ಉದ್ದ ತೊಟ್ಟಿನ ಹೂವಿನೊಳಗೆ ಇಳಿಯಿತು, ಮೈಯೆಲ್ಲ ಹಳದಿ ಮಾಡಿಕೊಂಡು ಹೊರಗೆ ಬಂತು, ಗೋಡೆಯಾಚೆ ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಅದೋ ಬೇರೊಂದೋ, ಹಳದಿ ಮೈಯ ಜೇನೊಂದು ಗೋಡೆಯಾಚೆಯಿಂದ ಬಂದು ಹೀಚಿನ ಹೂವಿಗೆ ಇಳಿಯಿತು.

ಬಿಸಿಲೇರುವ ಹೊತ್ತಿಗೆ ಹೂವು ಮುದುಡಿತು. ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಹೀಚು ಹಳದಿಯಾಗಲಿಲ್ಲ. ಗೋಲಿಯಷ್ಟಿದ್ದದ್ದು ನಿಂಬೆಯಷ್ಟಾಯಿತು, ನಿಂಬೆಯಷ್ಟಿದ್ದದ್ದು ತೆಂಗಿನಕಾಯಿಯಷ್ಟಾಯಿತು.

ಒಂದು ದಿನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಅದನ್ನು ಕಂಡಳು. ಮುಖ ಅರಳಿತು, ಆದರೆ ಹಳೆಯದು ನೆನಪಾಗಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೂ ತಡೆಯಲಾರದೆ ಮುಷ್ಟಿ ಮಾಡಿ, ಅಳುಕುತ್ತಲೇ, ಕಾಯಿಯ ಕಡೆಗೆ ಚಾಚಿದಳು. ಹೆಂಗಸು ಆ ಮುಷ್ಟಿ ನೋಡಿದಳು. ಇಷ್ಟು ದಿನ ಒಂದು ಬೆರಳಿಗಾಗಿ ಒಂದು ಜೀವವನ್ನೇ ಹೊರಗಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. "ಬೆರಳಲ್ಲೇ ತೋರಿಸಿ ಅಕ್ಕ," ಎಂದು ಹೇಳಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಗೋಡೆಯ ಮೇಲಿಟ್ಟಳು.

ಆ ಸಲ ಬಲಿತದ್ದು ಅದೊಂದೇ ಕಾಯಿ. ಬೀಜ ಮಾತ್ರ ಬೊಗಸೆ ತುಂಬ ಇದ್ದವು. ಅರ್ಧವನ್ನು ಅವಳು ಬೂದಿಯಲ್ಲಿ ಹುದುಗಿಸಿಟ್ಟಳು, ಅರ್ಧವನ್ನು ಗೋಡೆಯಾಚೆಗೆ ಕೊಟ್ಟಳು.

ಗುರುಗಳು ಕತೆ ಮುಗಿಸಿದರು. ಬಿಸಿಲು ಇಳಿದಿತ್ತು. ಮಠದ ಮುಂದಿನ ಬಯಲಿನಲ್ಲಿ ಊರಿನ ಮಕ್ಕಳು ಸೇರಿ ಕೂಗಾಡುತ್ತಾ ಆಡುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು. ಮರುಳಯ್ಯ ತಲೆ ತಗ್ಗಿಸಿ ಯೋಚಿಸಿದ. ಅವಳು ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ, ಕಳೆದುಕೊಳ್ಳುವ ಭಯ ಯಾರಿಗೆ ಇಲ್ಲ, ಅದರಲ್ಲಿ ಅವಳ ತಪ್ಪೇನು ಗುರುಗಳೇ ಎಂದು ಕೇಳಿದ. ಕೇಳುತ್ತಿರುವಾಗಲೇ ಅವನ ಕೈ ಮತ್ತೆ ಉಡಿದಾರದ ಕಡೆಗೆ ಹೋಯಿತು.

ಗುರುಗಳು ಆ ಕೈಯನ್ನೇ ನೋಡುತ್ತಾ ಹೇಳಿದರು: "ಬೀಗದ ಕೈ ನಿನ್ನ ಸೊಂಟದಲ್ಲಿದೆ ಮರುಳಯ್ಯ, ಮಗು ಎಲ್ಲಿದೆ?"