ನಿಂಬೆವ್ವನ ರೊಟ್ಟಿಗಲ್ಲು

ಹಿಟ್ಟಿಲ್ಲದ ರೊಟ್ಟಿ, ಹೆಂಚು ಕಾಣದ ರೊಟ್ಟಿ, ಬಡಿದವಳಿಗೆ ಕೈಯೇ ಇಲ್ಲ, ಏನದು? ತಲೆ ಕೆರೆದುಕೊಳ್ಳುವುದು ಬೇಡ, ಕೆಂಚನಾಳದ ಹಿರಿಯರಿಗೇ ಇದನ್ನು ಒಡೆಯಲಾಗಿಲ್ಲ. ಆ ಊರ ಹಳ್ಳದ ದಂಡೆಯ ಕೆಳಗೆ ಒಂದು ಬೂದುಬಣ್ಣದ ಬಂಡೆಯಿದೆ. ಅಂಚಿನಿಂದ ನೋಡಿದರೆ ಪದರದ ಮೇಲೆ ಪದರ, ಯಾರೋ ಜೋಳದ ರೊಟ್ಟಿ ಒಟ್ಟಿಟ್ಟು ಮರೆತು ಹೋದಂತೆ. ಅದನ್ನು ನಿಂಬೆವ್ವನ ರೊಟ್ಟಿಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ನಿಂಬೆವ್ವ ಈ ಊರಿಗೆ ಸೊಸೆಯಾಗಿ ಬಂದಳಂತೆ. ನಾಗರಪಂಚಮಿಯ ದಿನ ಒಲೆಯ ಮೇಲೆ ಹೆಂಚಿಡುವಂತಿಲ್ಲ; ಹಿಂದಿನ ದಿನವೇ ರೊಟ್ಟಿ ಬಡಿದು ಮನೆಮನೆಗೆ ಬೀರಬೇಕು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬವೂ ಅದೇ. ಅಣ್ಣ ಗಾಡಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ಕಾದು ಕುಳಿತಿದ್ದ. ಅತ್ತೆ ಕಲ್ಲವ್ವ ಮಾತ್ರ, “ಮೊಣಕಾಲೆತ್ತರ ರೊಟ್ಟಿ ಒಟ್ಟು, ಆಮ್ಯಾಲೆ ಗಾಡಿ ಹತ್ತು. ಇಲ್ಲಾಂದ್ರ ನಿಮ್ಮಣ್ಣ ಬಂದ ದಾರಿ ಹಿಡೀಲಿ” ಎಂದುಬಿಟ್ಟಳು. ನಿಂಬೆವ್ವನ ಕೈ ಚುರುಕು, ಆದರೆ ಧಾರಾಳ. ಕುರಿ ಕಾಯುವವನು ಬಂದ, ಅವನಿಗೊಂದು ಬಿಸಿ ರೊಟ್ಟಿ. ನೆರೆಮನೆಯ ಕೂಸು ಅತ್ತಿತು, ಅದಕ್ಕೊಂದು. ಹೊತ್ತು ಇಳಿಯುತ್ತ ಬಂದರೂ ಒಟ್ಟಿಲು ಗೇಣುದ್ದ ಏಳಲಿಲ್ಲ. ಈ ವರ್ಷ ಅವ್ವನ ಮುಖ ಕಾಣುವ ಹಾಗಿಲ್ಲ ಎನಿಸಿತು ಅವಳಿಗೆ.

ರೊಟ್ಟಿ ಖಡಕ್ಕಾಗಲೆಂದು ಹಳ್ಳದ ಬಂಡೆಯ ಮೇಲೆ ಒಣಗಿಸುವುದು ಆ ಊರ ರೂಢಿ. ನಿಂಬೆವ್ವ ತನ್ನ ರೊಟ್ಟಿಗಳನ್ನು ಬಂಡೆಯ ನೆತ್ತಿಯ ಮೇಲಿಟ್ಟಳು. ಮೇಲೊಂದು ಹಳೆಯ ಸೀರೆ ಹೊದಿಸಿ, ಬಂಡೆಯ ಪದರಗಳಷ್ಟೇ ಕಾಣುವ ಹಾಗೆ ಅಂಚನ್ನು ಎತ್ತಿ ಸಿಕ್ಕಿಸಿದಳು. ಮಂಡಿನೋವಿನ ಕಲ್ಲವ್ವ ದಂಡೆ ಇಳಿಯದೆ ಮೇಲಿಂದಲೇ ಇಣುಕಿದಳು.

“ಯಾಕ ಮುಚ್ಚೀಯ?”

“ಮಂದಿ ಕಣ್ಣು ಬೀಳತೈತ್ರಿ ಅತ್ತಿ. ಇಳಿದು ಬಂದು ಎಣಿಸಿಕೋರಿ.”

“ಇಷ್ಟ್ಯಾಕ ಕಪ್ಪಾಗ್ಯಾವು?”

“ಹೆಂಚು ನಿಮ್ಮ ಅತ್ತಿ ಕಾಲದ್ದೈತಲ್ರಿ.”

ಕಲ್ಲವ್ವ ಹೋಗೆಂದು ಕೈ ಬೀಸಿದಳು. ನಿಂಬೆವ್ವ ಗಾಡಿ ಹತ್ತಿದಳು. ಊರ ಗಡಿ ದಾಟುವ ತನಕ ಅಣ್ಣನಿಗೂ ಗುಟ್ಟು ಬಿಡಲಿಲ್ಲ.

ಮರುದಿನ ಕಲ್ಲವ್ವ ಹೇಗೋ ದಂಡೆ ಇಳಿದು, ಮೇಲಿನ ರೊಟ್ಟಿ ತೆಗೆದು, ಕೆಳಗಿನದಕ್ಕೆ ಕೈ ಹಾಕಿದರೆ ಅದು ಅಲ್ಲಾಡಲಿಲ್ಲ. ಬಗ್ಗಿ ಕಚ್ಚಿ ನೋಡಿದಳು. ಮುಂದಿನ ಹಲ್ಲು ಹೋಯಿತು. ಸೊಸೆ ಮೋಸಮಾಡಿದಳು ಎಂದರೆ ಊರು ನಗುತ್ತದೆ. ಅದಕ್ಕೆ, “ತವರಿಗೆ ಹೋಗೋ ಹುಡುಗೀನ ತಡದೆ ನೋಡ್ರಿ, ನಾಗಪ್ಪ ರೊಟ್ಟೀನ ಕಲ್ಲು ಮಾಡಿದ” ಎಂದು ಸಾರಿದಳು. ಅಂದಿನಿಂದ ಪಂಚಮಿಗೆ ಹೊರಟ ಸೊಸೆಯ ರೊಟ್ಟಿಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ಈಚೆಗೆ ಸುತ್ತಿಗೆ ಹಿಡಿದು ಬಂದ ಪಂಡಿತರೊಬ್ಬರು, ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು ಇಲ್ಲಿ ಸಮುದ್ರವಿತ್ತು, ಕಣ್ಣಿಗೆ ಕಾಣದ ಜೀವಿಗಳು ಪಾಚಿಯಂತೆ ಹಬ್ಬಿ, ಅದಕ್ಕೆ ಕೆಸರು ಅಂಟಿ, ಪದರ ಪದರವಾಗಿ ಕಲ್ಲಾಯಿತು ಎಂದರು. ಕೈಯಿಲ್ಲದೆ ರೊಟ್ಟಿ ಬಡಿದವಳು ಆ ಪಾಚಿ. ನೋಡಲು ಹೋದವರಿಗೆ ಇಂದಿಗೂ ಆ ಪದರಗಳು ಕಾಣುತ್ತವೆ, ಅಂಚಿನಲ್ಲೊಂದು ಚೂರು ಹಾರಿಹೋದದ್ದೂ ಕಾಣುತ್ತದೆ. ಊರವರ ಕಥೆ ನಿಂಬೆವ್ವ ಗಾಡಿ ಹತ್ತುವಲ್ಲಿಗೇ ಮುಗಿಯುತ್ತದೆ. ಮುಂದಿನ ಕಲ್ಲವ್ವನ ಪಾಡೆಲ್ಲ ನಾನು ಕಟ್ಟಿದ್ದು. ಆ ಚೂರು ಹಾರುವುದಕ್ಕೆ ಒಂದು ಹಲ್ಲು ಬೇಕಿತ್ತು.