ಕಾಗೆ ಮೇಡಂ ಊಟಕ್ಕೆ ಕರೆದದ್ದು

"ಈ ಗಂಟಲಿಗೆ ಆಫೀಸಿನ ಮಾತೇ? ಈ ಜನ್ಮದಲ್ಲಿ ಆಗದು" ಎಂದು ಗಿಣಿ ನಕ್ಕದ್ದನ್ನು ಕಾಗೆ ಮರೆಯಲಿಲ್ಲ. ಹೈಸ್ಕೂಲಿನ ಕಿಟಕಿಯಲ್ಲಿ ಮೂರು ವರ್ಷ ಕುಳಿತು, ಅರ್ಜಿ ಬರೆಯುವುದನ್ನೂ ಫೋನಿನಲ್ಲಿ ಮಾತನಾಡುವುದನ್ನೂ ತಾನಾಗಿಯೇ ಕಲಿತಳು. ಈಗ ಶಾಲೆಯಂಗಳದ ಹೊಂಗೆಮರದಲ್ಲಿ, ಆಫೀಸು ಸೇರಬಯಸುವ ಹಕ್ಕಿಮರಿಗಳಿಗೆ ಅವಳೇ ಮೇಡಂ.

"ಮೊದಲು ನಮಸ್ಕಾರ, ಆಮೇಲೆ ಹೆಸರು, ಆಮೇಲೆ ವಿಷಯ. ದನಿ ತಗ್ಗಿರಲಿ" ಎಂದು ಒಂದು ದಿನ ಎಂದಿನಂತೆ ಪಾಠ ಮಾಡಿದಳು.

ಮಧ್ಯಾಹ್ನ ಗೋಡೆಯ ಮೇಲೆ ಯಾರೋ ಅನ್ನ ಇಟ್ಟರು. ಆಚೆ ತೆಂಗಿನ ಗರಿಯಲ್ಲಿ ಅವಳ ಅಕ್ಕತಂಗಿಯರೆಲ್ಲ ಕೂತಿದ್ದರು. ಅವರೊಡನೆ ಕೂಡಿ ಉಂಡು ಎಷ್ಟು ಕಾಲವಾಗಿತ್ತು! ಕಾಗೆ ಆಸೆಯಿಂದ ಕೊರಳೆತ್ತಿದಳು.

"ನಮಸ್ಕಾರ. ತಾವೆಲ್ಲರೂ ದಯಮಾಡಿ ಊಟಕ್ಕೆ ಬರಬೇಕಾಗಿ ವಿನಂತಿ."

"ಯಾರೇ ಅದು?" ಎಂದಳು ತಂಗಿ.

"ಯಾರೋ ಆಫೀಸಿನವರು. ನಮ್ಮನ್ನಲ್ಲ ಬಿಡೇ" ಎಂದಳು ಅಕ್ಕ.

ಕಾಗೆ ಮತ್ತೆ ಮತ್ತೆ ಬಾಯಿ ತೆರೆದಳು. ಹಳೆಯ ಕೂಗು ಬರಲೇ ಇಲ್ಲ. ಪಕ್ಕದಲ್ಲಿದ್ದ ಶಿಷ್ಯೆ, ಒಂದು ಮರಿಕಾಗೆ, "ನಾನು ಕರೆಯಲೇ ಮೇಡಂ? ಆದರೆ ದನಿ ಜೋರಾಗುತ್ತದೆ" ಎಂದಳು.

"ಆಗಲಿ ಮಗೂ. ಎಷ್ಟು ಜೋರಾಗುತ್ತದೋ ಅಷ್ಟು ಕೂಗು."

ಮರಿ ಕಾ ಕಾ ಎಂದದ್ದೇ ತಡ, ಬಳಗವೆಲ್ಲ ಗೋಡೆಗೆ ಇಳಿಯಿತು. ಕಾಗೆ ಅವರ ನಡುವೆ ತೂರಿಕೊಂಡು ಅನ್ನದತ್ತ ಬಂದಳು. ಅಕ್ಕ ಅವಳ ಗುರುತು ಹಿಡಿದು, ರೆಕ್ಕೆ ಮಡಚಿ, ಹಿಂದೆ ಸರಿದು ನಿಂತಳು.

"ನೀವು ಮೊದಲು ತಗೊಳ್ಳಿ, ಮೇಡಂ."

ಕಾಗೆಗೆ ಈಗ ಸ್ವಂತದ್ದೊಂದು ಕೊಂಬೆಯಿದೆ, ಅದರ ಮೇಲೆ ಹೆಸರಿನ ಹಲಗೆಯಿದೆ, ಕಂಡೊಡನೆ ಎದ್ದು ನಿಲ್ಲುವ ನಲವತ್ತು ಮರಿಗಳಿವೆ. "ಬಾರೇ" ಎಂದು ಕರೆಯುವವರು ಮಾತ್ರ ಒಬ್ಬರೂ ಉಳಿದಿಲ್ಲ.